ಎಂಟು ಪಿಯರ್, ಎರಡು ಬಗೆಯ ತಳಪಾಯ: ವುಹಾನ್ ಯಾಂಗ್ಟ್ಸೀ ಸೇತುವೆಯಲ್ಲಿ ಸೋವಿಯತ್ ಸಲಹೆಗಾರರು, 1954–57

1954ರ ಜುಲೈನಲ್ಲಿ ಕಾನ್‌ಸ್ಟಾಂಟಿನ್ ಸೆರ್ಗೆಯೆವಿಚ್ ಸಿಲಿನ್ ಮುಂದಾಳತ್ವದಲ್ಲಿ 28 ಸೋವಿಯತ್ ತಜ್ಞರು ವುಹಾನ್‌ಗೆ ಬಂದರು. ಅಷ್ಟರಲ್ಲಿ ಯಾಂಗ್ಟ್ಸೀ ಸೇತುವೆಯ ನಕ್ಷೆ ಮಾಸ್ಕೋಗೆ ಹೋಗಿ, ಅಲ್ಲಿನ 25 ತಜ್ಞರ ಸಮಿತಿಯ ಕೈದಾಟಿ ವಾಪಸ್ ಬಂದಾಗಿತ್ತು. ತಳಪಾಯ ಯಾವ ಬಗೆಯದು ಅನ್ನುವುದೂ ಅದರಲ್ಲಿ ತೀರ್ಮಾನವಾಗಿತ್ತು: ಗಾಳಿಯೊತ್ತಡದ ಕೇಸನ್, ಅಂದರೆ ಒತ್ತಿದ ಗಾಳಿಯಿಂದ ನೀರನ್ನು ಹೊರಗಿಟ್ಟು ಒಳಗೆ ಜನ ಅಗೆಯುವ ಪೆಟ್ಟಿಗೆ. ಮರುವರ್ಷ ಸೆಪ್ಟೆಂಬರ್ 1ಕ್ಕೆ ಕೆಲಸ ಶುರುವಾಗುವ ಹೊತ್ತಿಗೆ ಆ ತೀರ್ಮಾನ ಬಿದ್ದುಹೋಗಿ, ಸೋವಿಯತ್ ದೇಶದ ಯಾವ ದೊಡ್ಡ ಸೇತುವೆಯಲ್ಲೂ ಅಲ್ಲಿಯತನಕ ಬಳಸದಿದ್ದ ಒಂದು ವಿಧಾನ ಅದರ ಜಾಗದಲ್ಲಿ ಕೂತಿತ್ತು.

ಚೀನಾದಲ್ಲಿ ದುಡಿದ ಸೋವಿಯತ್ ಸಲಹೆಗಾರರ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಕೇಳಿಬರುವ ಚಿತ್ರ ಒಂದೇ. ಮಾಸ್ಕೋದಿಂದ ಸಿದ್ಧ ನಕ್ಷೆ ಬಂತು, ಸಿದ್ಧ ಯಂತ್ರ ಬಂತು, ಚೀನೀಯರು ನಕಲು ಮಾಡಿದರು. ಅನ್ಶಾನ್ ಉಕ್ಕು, ಚಾಂಗ್‌ಚುನ್ ಲಾರಿ ಕಾರ್ಖಾನೆಗಳ ಮಟ್ಟಿಗೆ ಈ ಮಾತಿನಲ್ಲಿ ಸಾಕಷ್ಟು ಹುರುಳಿದೆ. ವುಹಾನ್ ಸೇತುವೆಯ ತಳಪಾಯಕ್ಕೆ ಮಾತ್ರ ಅದು ಹೊಂದುವುದಿಲ್ಲ. ನಕಲು ಮಾಡಲು ಮೂಲವೇ ಇರಲಿಲ್ಲ.

ನದಿ ಮತ್ತು ಕ್ಯಾಲೆಂಡರ್

ಸೇತುವೆಗೆ ಮುಂಚೆ ಬೀಜಿಂಗ್ ಕಡೆಯ ರೈಲು ಉತ್ತರ ದಡದ ಹಾಂಕೌದಲ್ಲಿ ಮುಗಿಯುತ್ತಿತ್ತು, ಗುವಾಂಗ್‌ಝೌ ಕಡೆಯದು ದಕ್ಷಿಣ ದಡದ ವುಚಾಂಗ್‌ನಲ್ಲಿ. ನಡುವೆ ಡಬ್ಬಿಗಳನ್ನು ಬಿಡಿಸಿ, ಹಳಿ ಹಾಕಿದ ಹಡಗಿಗೇರಿಸಿ ದಾಟಿಸಬೇಕು. 1937ರಿಂದ ನಡೆದದ್ದು ಇದೇ. ಸೇತುವೆಗೆ ಆರಿಸಿದ ಜಾಗ ಉತ್ತರದ ಹಾನ್ಯಾಂಗ್ ದಡದ ಗುಯಿಶಾನ್ (ಆಮೆಬೆಟ್ಟ) ಮತ್ತು ವುಚಾಂಗ್ ದಡದ ಶೆಶಾನ್ (ಹಾವುಬೆಟ್ಟ) ಎದುರುಬದುರಾಗುವ ಇಕ್ಕಟ್ಟು. ಎರಡು ಬೆಟ್ಟಗಳು ಇಳಿಜಾರು ದಾರಿಯ ಖರ್ಚು ಉಳಿಸುತ್ತವೆ. ಆದರೆ ನದಿ ಇಕ್ಕಟ್ಟಾದಲ್ಲಿ ಆಳವಾಗುತ್ತದೆ, ಸೆಳೆತ ಹೆಚ್ಚುತ್ತದೆ.

ಪ್ರವಾಹದ ಕಾಲದಲ್ಲಿ ನೀರಿನ ಆಳ 40 ಮೀಟರಿನ ಹತ್ತಿರ ಹೋಗುತ್ತದೆ. ಸಲಹೆಗಾರರು ಬಂದ ಮರುತಿಂಗಳೇ, 1954ರ ಆಗಸ್ಟ್ 18ರಂದು, ಹಾಂಕೌ ಮಾಪನದಲ್ಲಿ ನೀರು 29.73 ಮೀಟರ್ ಮುಟ್ಟಿತು. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ನದಿಯನ್ನು ಪುಸ್ತಕದಲ್ಲಿ ಓದಿ ಬಂದವರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುತ್ತಿರಲಿಲ್ಲ.

ಕೇಸನ್ ಅಂದರೆ ತಳವಿಲ್ಲದ, ಬೋರಲು ಹಾಕಿದ ದೊಡ್ಡ ಕಾಂಕ್ರೀಟ್ ಪೆಟ್ಟಿಗೆ. ಒಳಗೆ ಗಾಳಿ ಒತ್ತಿ ನೀರನ್ನು ಹೊರಗಟ್ಟುತ್ತಾರೆ. ಕೆಲಸಗಾರರು ಗಾಳಿಬೀಗದ ಮೂಲಕ ಇಳಿದು, ನದಿಯ ತಳದಲ್ಲಿ ನಿಂತು, ಕೈಯಿಂದಲೇ ಅಗೆಯುತ್ತಾರೆ. ಪ್ರತಿ 10 ಮೀಟರ್ ನೀರಿಗೆ ಒಂದು ವಾತಾವರಣದಷ್ಟು ಒತ್ತಡ ಏರಬೇಕು. 35 ಮೀಟರ್ ದಾಟಿದರೆ ಮನುಷ್ಯನ ಮೈ ತಡೆಯುವ ಅಂಚು ಬಂತು. ಒಬ್ಬ ಪಾಳಿಯಲ್ಲಿ ನಿಜವಾಗಿ ಅಗೆಯುವ ಹೊತ್ತು ಒಂದು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಗಾಳಿಬೀಗದಲ್ಲಿ ಕೂತು ಒತ್ತಡ ಇಳಿಸಿಕೊಳ್ಳಬೇಕು. ಅವಸರ ಮಾಡಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲುಗಳಿಗೆ, ಬೆನ್ನುಹುರಿಗೆ ಹೋಗಿ ಕೂರುತ್ತದೆ.

ಇದನ್ನು ವುಹಾನಿನ ಕ್ಯಾಲೆಂಡರಿಗೆ ಹಾಕಿ ನೋಡಬೇಕು. ವರ್ಷದ ಏಳೆಂಟು ತಿಂಗಳು ನೀರು ಏರಿಯೇ ಇರುತ್ತದೆ. ಕೇಸನ್ ಒಳಗೆ ಜನ ಇಳಿಯಬಹುದಾದ್ದು ಚಳಿಗಾಲದ ಮೂರ್ನಾಲ್ಕು ತಿಂಗಳು ಮಾತ್ರ. ನದಿಯಲ್ಲಿ ಎಂಟು ಪಿಯರ್ (ಸೇತುವೆ ಹೊರುವ ದಪ್ಪ ಕಂಬ). ಒಂದು ಚಳಿಗಾಲದಲ್ಲಿ ಎಷ್ಟು ಮುಗಿದೀತು, ಅರ್ಧಕ್ಕೆ ನಿಂತ ಕೇಸನ್ ಮೇಲೆ ಪ್ರವಾಹ ಹರಿದರೆ ಗತಿಯೇನು? ಸುರಕ್ಷತೆಯ ಪ್ರಶ್ನೆಯ ಜೊತೆಗೇ ಇದು ವೇಳಾಪಟ್ಟಿಯ ಪ್ರಶ್ನೆಯೂ ಆಗಿತ್ತು.

ನಮ್ಮ ಕಡೆಯ ಇಂಜಿನಿಯರ್ ಇಲ್ಲಿ ತಟ್ಟನೆ ಕೇಳುವ ಪ್ರಶ್ನೆ: ಬಾವಿ ತಳಪಾಯ (ಒಳಗಿನ ಮಣ್ಣು ತೆಗೆಯುತ್ತಾ ಇಳಿಸುವ, ಮೇಲೂ ಕೆಳಗೂ ತೆರೆದ ಟೊಳ್ಳು ಬಾವಿ) ಯಾಕಾಗಲಿಲ್ಲ? ಗಂಗೆಯಂಥ ನದಿಯ ಆಳವಾದ ಮರಳಿನಲ್ಲಿ ಬಾವಿಯನ್ನು ಸುತ್ತಲ ಮರಳೇ ಹಿಡಿದು ನಿಲ್ಲಿಸುತ್ತದೆ. ವುಹಾನಿನಲ್ಲಿ ಮರಳಿನ ಹೊದಿಕೆ ಎಲ್ಲೆಡೆ ಒಂದೇ ಸಮ ಇಲ್ಲ, ಕೆಲವು ಕಡೆ ತೀರಾ ತೆಳು. ಅದರಡಿ ಸುಣ್ಣಕಲ್ಲು, ಶೇಲ್ (ಪದರ ಪದರವಾದ ಜೇಡಿಕಲ್ಲು) ಮುಂತಾದವು ಏರುತಗ್ಗಾಗಿ ಹರಡಿವೆ. ಓರೆ ಬಂಡೆಯ ಮೇಲೆ ಬಾವಿಯ ಒಂದು ಅಂಚು ಕೂತು ಇನ್ನೊಂದು ತೇಲಿದರೆ, ಅದನ್ನು ಸರಿಮಾಡಲು ಮತ್ತೆ ಕೆಳಗೆ ಮನುಷ್ಯನೇ ಇಳಿಯಬೇಕು.

ಸಿಲಿನ್ ಮುಂದಿಟ್ಟದ್ದು

ಸಿಲಿನ್ ಚೀನಾಕ್ಕೆ ಹೊಸಬರಲ್ಲ. ಇವಾನ್ ಕೊವಲ್ಯೋವ್ ಮುಖಂಡತ್ವದ ತಂಡ 1948ರಲ್ಲಿ ಈಶಾನ್ಯ ಚೀನಾದ ಯುದ್ಧಹಾನಿಯಾದ ರೈಲುದಾರಿ, ಸೇತುವೆಗಳನ್ನು ಎಬ್ಬಿಸಿ ನಿಲ್ಲಿಸಿದ ಕೆಲಸದಲ್ಲಿ ಅವರೂ ಇದ್ದರು. ಅವರ ಸಲಹೆ ಕೇಳಲು ಸರಳ: ಮನುಷ್ಯನನ್ನು ನೀರಿನಡಿಗೆ ಇಳಿಸುವುದೇ ಬೇಡ, ಎಲ್ಲವನ್ನೂ ನೀರಿನ ಮೇಲಿಂದ ಮಾಡೋಣ. ದೊಡ್ಡ ಟೊಳ್ಳು ಕಾಂಕ್ರೀಟ್ ಕೊಳವೆಗಳನ್ನು ಮರಳಿನ ಮೂಲಕ ಬಂಡೆ ಮುಟ್ಟುವ ತನಕ ಇಳಿಸುವುದು, ಕೊಳವೆಯೊಳಗಿಂದ ಬಂಡೆ ಕೊರೆಯುವುದು, ಕೊರೆದ ಗುಂಡಿ ಮತ್ತು ಕೊಳವೆ ಎರಡನ್ನೂ ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬುವುದು. ಹಲ್ಲು ದವಡೆಯಲ್ಲಿ ಕೂತ ಹಾಗೆ ಕಂಬ ಬಂಡೆಯಲ್ಲಿ ಕೂರುತ್ತದೆ.

ಸೇತುವೆಯ ತಾಂತ್ರಿಕ ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದವರು ಮಾವೋ ಯಿಶೆಂಗ್. 1937ರಲ್ಲಿ ಹಾಂಗ್‌ಝೌ ಬಳಿ ಚಿಯಾಂಟಾಂಗ್ ಸೇತುವೆಯನ್ನು ಗಾಳಿಯೊತ್ತಡದ ಕೇಸನ್‌ಗಳ ಮೇಲೆಯೇ ಕಟ್ಟಿದವರು ಅವರು. ಚೀನಾದಲ್ಲಿ ಕೇಸನ್ ಬಗ್ಗೆ ಅವರಿಗಿಂತ ಹೆಚ್ಚು ಬಲ್ಲವರಿರಲಿಲ್ಲ. ಅವರು ಹೊಸ ವಿಧಾನದ ಪರ ನಿಂತದ್ದು ಚರ್ಚೆಯ ತೂಕ ಬದಲಿಸಿತು. ಸೇತುವೆ ಬ್ಯೂರೋ ನಿರ್ದೇಶಕ ಪೆಂಗ್ ಮಿನ್, ಮುಖ್ಯ ಇಂಜಿನಿಯರ್ ವಾಂಗ್ ಜೂಚಿಯೆನ್ ಕೂಡ ಪ್ರಯೋಗಕ್ಕೆ ಒಪ್ಪಿದರು. ವಿರೋಧ ಬಂದದ್ದು ಸಿಲಿನ್ ಅವರ ಸ್ವಂತ ದೇಶದಿಂದ: ನಾವು ಪರಿಶೀಲಿಸಿದ್ದು ಕೇಸನ್ ನಕ್ಷೆ, ಈಗ ಇದೇನು? ಸಹಜವಾದ ಪ್ರಶ್ನೆಯೇ. 1955ರ ಕೊನೆಯಲ್ಲಿ ಸೋವಿಯತ್ ನಿಯೋಗವೊಂದು ವುಹಾನ್‌ಗೆ ಬಂದು, ನದಿಯಲ್ಲಿ ಇಳಿಯುತ್ತಿದ್ದ ಕೊಳವೆಗಳನ್ನು ಕಣ್ಣಾರೆ ನೋಡಿದ ಮೇಲೆ ಆಕ್ಷೇಪ ತಣ್ಣಗಾಯಿತು.

ಈ ತಿಕ್ಕಾಟದಿಂದ ಒಂದು ಲಾಭವಾಯಿತು. ಸಲಹೆಗಾರರ ಬೆನ್ನಿಗೆ ಮಾಸ್ಕೋದ ಮುದ್ರೆ ಇಲ್ಲದ್ದರಿಂದ ಪ್ರತಿ ಹಂತವನ್ನೂ ವುಹಾನಿನಲ್ಲೇ ಪರೀಕ್ಷಿಸಿ ಬರೆದಿಡಬೇಕಾಯಿತು. ಮೊದಲು ದಡದ ಮೇಲೆ, ಆಮೇಲೆ ನದಿಯಲ್ಲಿ ಪ್ರಯೋಗ; ಅದರ ಬೆನ್ನಿಗೇ ವಿನ್ಯಾಸ, ಕಾಮಗಾರಿ. ಮೂರೂ ಒಟ್ಟಿಗೆ ಓಡಿದವು. ಹೀಗೆ ಮಾಡುವುದು ಪಠ್ಯಪುಸ್ತಕ ಮೆಚ್ಚುವ ಪದ್ಧತಿಯಲ್ಲ, ಅಪಾಯವೂ ಇತ್ತು. ಆದರೆ ಪ್ರಯೋಗದ ಅಂಕಿಗಳನ್ನು ತೆಗೆದವರು ಚೀನೀ ಇಂಜಿನಿಯರುಗಳು, ಅವು ಉಳಿದದ್ದೂ ಅವರ ಬಳಿಯೇ. 1960ರ ಸಂಗತಿಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಒಂದು ಪಿಯರ್ ಏಳುವ ಬಗೆ

ಮುಖ್ಯ ಕೊಳವೆಯ ಹೊರವ್ಯಾಸ 1.55 ಮೀಟರ್, ಗೋಡೆಯ ದಪ್ಪ 10 ಸೆಂಟಿಮೀಟರ್. ಲೆಕ್ಕ ಹಾಕಿದರೆ ಪ್ರತಿ ಮೀಟರಿಗೆ ಸುಮಾರು 1.1 ಟನ್, 9 ಮೀಟರಿನ ತುಂಡಿಗೆ 10 ಟನ್. ತುಂಡುಗಳ ಎರಡೂ ತುದಿಗೆ ಉಕ್ಕಿನ ಫ್ಲ್ಯಾಂಜ್, ಬೋಲ್ಟ್ ಹಾಕಿ ಜೋಡಣೆ. ತೀರಾ ಕೆಳತುಂಡಿನ ಬಾಯಿಗೆ ಉಕ್ಕಿನ ಪಾದ. ಒಂದು ಪಿಯರಿಗೆ ಇಂಥ 30ರಿಂದ 35 ಕೊಳವೆ.

ಮೊದಲು ಬರುವುದು ದಾರಿ ತೋರಿಸುವ ಉಕ್ಕಿನ ಪಂಜರ. ಪ್ರತಿ ಕೊಳವೆ ಎಲ್ಲಿ ಇಳಿಯಬೇಕೋ ಅಲ್ಲಿ ಒಂದು ಕಿಂಡಿ. ಇದನ್ನು ದಡದಲ್ಲಿ ಜೋಡಿಸಿ, ಬಾರ್ಜ್‌ಗಳ ನಡುವೆ ತೂಗುಹಾಕಿ, ಟಗ್ಗಿನಿಂದ ಎಳೆದೊಯ್ದು, ಲಂಗರುಗಳ ಹಗ್ಗ ಬಿಗಿ-ಸಡಿಲ ಮಾಡುತ್ತಾ ಜಾಗಕ್ಕೆ ತಂದು ಇಳಿಸುತ್ತಾರೆ. ಇಲ್ಲಿ ಕೆಲವು ಸೆಂಟಿಮೀಟರ್ ತಪ್ಪಿದರೂ ಮೂವತ್ತು ಕೊಳವೆಗಳೂ ಅಷ್ಟೇ ತಪ್ಪುತ್ತವೆ. ಹಾಗಾಗಿ ಎರಡೂ ದಡದ ಅಳತೆಗಂಬಗಳಿಂದ ಥಿಯೋಡೊಲೈಟ್ ಹಿಡಿದು ನೋಡುತ್ತಲೇ ಇರಬೇಕು. ಪಂಜರ ತೇಲುತ್ತಿರುವಷ್ಟೂ ಕಾಲ ನೀರಿನ ಮಟ್ಟದ ಜೊತೆ ಏರಿಳಿಯುತ್ತದೆ. ಆದ್ದರಿಂದ ಕೆಲವು ಕೊಳವೆಗಳನ್ನು ಮೊದಲು ಬಂಡೆಗೆ ಮುಟ್ಟಿಸಿ, ಪಂಜರದ ಭಾರವನ್ನು ಅವುಗಳಿಗೆ ವರ್ಗಾಯಿಸುತ್ತಾರೆ. ಅಲ್ಲಿಂದ ಮುಂದೆ ಅದು ದೋಣಿಯಲ್ಲ, ಗಟ್ಟಿಯಾದ ಅಟ್ಟ.

ಇಳಿಸುವುದು ಕಂಪನ ಸುತ್ತಿಗೆಯಿಂದ. ಕೊಳವೆಯ ತಲೆಗೆ ಬಿಗಿದ ಯಂತ್ರದೊಳಗೆ ಕೇಂದ್ರ ತಪ್ಪಿಸಿ ಕೂರಿಸಿದ ತೂಕಗಳು ಜೋಡಿಯಾಗಿ, ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತವೆ. ಅಡ್ಡದ ಬಲಗಳು ಒಂದನ್ನೊಂದು ಕಳೆದುಕೊಂಡು ಮೇಲೆ-ಕೆಳಗಿನ ಅದುರು ಮಾತ್ರ ಉಳಿಯುತ್ತದೆ. ಮರಳಿನ ಕಣಗಳು ಹಿಡಿತ ಬಿಡುತ್ತವೆ, ಕೊಳವೆ ತನ್ನ ಭಾರಕ್ಕೆ ಇಳಿಯುತ್ತದೆ. ಜೊತೆಗೆ ನೀರಿನ ಜೆಟ್ ಬಿಟ್ಟು ಮರಳು ಸಡಿಲಿಸುವುದು, ಒಳಗಿನ ಮರಳನ್ನು, ಗಾಳಿ ಊದಿ ನೀರು-ಮರಳು ಮೇಲೆತ್ತುವ ಏರ್‌ಲಿಫ್ಟಿನಿಂದ ಹೊರಹಾಕುವುದು.

ತೊಂದರೆಗಳೂ ಇಲ್ಲೇ ಶುರು. ಒಳಗಿನ ಮರಳು ತೆಗೆಯದೆ ಬರೀ ಕಂಪನ ಕೊಟ್ಟರೆ ಕೆಳಗೆ ಮರಳು ಬಿರಡೆಯಂತೆ ಬಿಗಿಯುತ್ತದೆ. ಅದರ ಮೇಲಿನ ನೀರು ಕಂಪನದ ಪ್ರತಿ ಏಟಿಗೂ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಕಡಿಮೆ, ಹಾಗಾಗಿ ಉದ್ದುದ್ದ ಸೀಳು ಬೀಳುತ್ತದೆ. ತೀರಾ ಹೆಚ್ಚು ಮರಳು ತೆಗೆದರೆ ಇನ್ನೊಂದು ಕಾಟ: ಪಾದದಡಿಯಿಂದ ಹೊರಗಿನ ಮರಳು ಒಳನುಗ್ಗಿ ಪಕ್ಕದ ಕೊಳವೆಯ ನೆಲ ಕುಸಿಯುತ್ತದೆ. ಅದಕ್ಕೇ ಕೊಳವೆಯೊಳಗಿನ ನೀರಿನ ಮಟ್ಟವನ್ನು ನದಿಗಿಂತ ಸ್ವಲ್ಪ ಮೇಲೆಯೇ ಇಡಬೇಕು. ಏರ್‌ಲಿಫ್ಟ್ ಮರಳಿನ ಜೊತೆ ನೀರನ್ನೂ ಎಳೆಯುತ್ತದೆ, ಆದ್ದರಿಂದ ಮೇಲಿಂದ ನೀರು ತುಂಬುವ ಪಂಪು ನಿಲ್ಲುವಂತಿಲ್ಲ. ಜೋಡಣೆಯ ಬೋಲ್ಟುಗಳು ಕಂಪನಕ್ಕೆ ಸಡಿಲವಾಗುವುದೂ ಮಾಮೂಲು. ನಟ್ಟು ಬಿಗಿದ ಮೇಲೆ ಬೆಸುಗೆಯ ಚುಕ್ಕಿ ಹಾಕದಿದ್ದರೆ ನೀರಿನಡಿಯ ಜೋಡಣೆಯನ್ನು ಮತ್ತೆ ಬಿಗಿಯಲು ಮುಳುಗುಗಾರನೇ ಬೇಕು.

ಕೊಳವೆ ಬಂಡೆ ಮುಟ್ಟಿದ ಮೇಲೆ ಕೊರೆತ. ಬಳಸಿದ್ದು ತಿರುಗುವ ಬಿಟ್ ಅಲ್ಲ, ಎತ್ತಿ ಕುಕ್ಕುವ ಟನ್‌ಗಟ್ಟಲೆ ತೂಕದ ಉಕ್ಕಿನ ಉಳಿ. ತಂತಿಹಗ್ಗದಲ್ಲಿ ನೇತಾಡುವ ಉಳಿ ಪ್ರತಿ ಏಟಿಗೂ ಸ್ವಲ್ಪ ತಿರುಗಿದರೆ ಗುಂಡಿ ದುಂಡಗಾಗುತ್ತದೆ, ತಿರುಗದಿದ್ದರೆ ಶಿಲುಬೆಯಾಕಾರದ ಸೀಳಾಗುತ್ತದೆ. ಬಂಡೆ ಓರೆಯಾಗಿದ್ದಲ್ಲಿ ಉಳಿ ತಗ್ಗಿನ ಕಡೆಗೆ ಜಾರುತ್ತದೆ, ಕೊಳವೆಯ ಪಾದಕ್ಕೆ ಬಡಿಯುತ್ತದೆ. ಇದಕ್ಕೆ ಮದ್ದು ಆತುರಪಡದಿರುವುದು: ಗುಂಡಿಗೆ ಕಲ್ಲು ಅಥವಾ ಕಾಂಕ್ರೀಟ್ ತುಂಬಿ ಸಮತಟ್ಟು ಮಾಡಿ, ಗಿಡ್ಡ ಏಟಿನಿಂದ ಮತ್ತೆ ಶುರುಮಾಡುವುದು. ಬಂಡೆಯೊಳಗೆ 2ರಿಂದ 7 ಮೀಟರ್ ಇಳಿದ ಮೇಲೆ ಪುಡಿ ಪೂರ್ತಿ ಎತ್ತಿ ತೊಳೆಯಬೇಕು. ಗುಂಡಿಯ ತಳದಲ್ಲಿ ಒಂದು ಪದರ ಕೆಸರು ಉಳಿದರೂ ಕಾಂಕ್ರೀಟ್ ಕೂರುವುದು ಬಂಡೆಯ ಮೇಲಲ್ಲ, ಕೆಸರಿನ ಮೇಲೆ.

ಆಮೇಲೆ ಕಬ್ಬಿಣದ ಜಾಲರಿ ಇಳಿಸಿ, ನೀರಿನಡಿಗೆ ಕಾಂಕ್ರೀಟ್ ಹರಿಸುವ ಟ್ರೆಮಿ ಕೊಳವೆಯಿಂದ ಕಾಂಕ್ರೀಟ್. ಟ್ರೆಮಿಯ ಬಾಯಿ ಸದಾ ಹಸಿ ಕಾಂಕ್ರೀಟಿನೊಳಗೆ ಒಂದು ಮೀಟರಾದರೂ ಹೂತಿರಬೇಕು. ಒಮ್ಮೆ ಮೇಲೆ ಬಂತೆಂದರೆ ನೀರು ನುಗ್ಗಿ ಸಿಮೆಂಟು ತೊಳೆದುಹೋಗಿ, ಕಂಬದ ನಡುವೆ ಮರಳು-ಜಲ್ಲಿಯ ಪದರ ಉಳಿಯುತ್ತದೆ. ಹೊರಗಿಂದ ಅದು ಕಾಣುವುದಿಲ್ಲ. ಗಟ್ಟಿಯಾದ ಮೇಲೆ ಕೋರ್ (ಕೊರೆದು ತೆಗೆಯುವ ಉರುಳೆಯಾಕಾರದ ಮಾದರಿ) ತೆಗೆದು, ಕಾಂಕ್ರೀಟ್ ಬಂಡೆಗೆ ಕಚ್ಚಿದೆಯೇ ಅಂತ ನೋಡುವುದೊಂದೇ ದಾರಿ.

ಉಳಿದದ್ದು ಹೆಚ್ಚೇನೂ ಹೊಸತಲ್ಲ. ಪಂಜರದ ಸುತ್ತ ಉಕ್ಕಿನ ಶೀಟ್ ಪೈಲ್ (ಒಂದಕ್ಕೊಂದು ಕೊಂಡಿ ಹಾಕಿ ಇಳಿಸುವ ತಗಡು) ಗೋಡೆ, ಅದರ ತಳಕ್ಕೆ ನೀರಿನಡಿಯಲ್ಲೇ ಹಾಕುವ ದಪ್ಪ ಕಾಂಕ್ರೀಟ್ ಬೆಣೆ, ಅದು ಗಟ್ಟಿಯಾದ ಮೇಲೆ ನೀರು ಪಂಪು ಮಾಡಿ ಒಣನೆಲದಲ್ಲಿ ಪೈಲ್ ಕ್ಯಾಪ್ (ಕಂಬಗಳ ತಲೆಗಳನ್ನು ಕೂಡಿಸುವ ಕಾಂಕ್ರೀಟ್ ಹಾಸು), ಅದರ ಮೇಲೆ ಪಿಯರ್. ಬೆಣೆಯ ಕಾಂಕ್ರೀಟ್ ತೆಳುವಾದರೆ ಕೆಳಗಿನ ನೀರಿನೊತ್ತಡ ಅದನ್ನು ಎತ್ತಿಬಿಡುತ್ತದೆ. ಆದರೆ ಇಲ್ಲಿ ಕೊಳವೆಗಂಬಗಳೇ ಮೊಳೆಗಳಾಗಿ ಅದನ್ನು ಬಂಡೆಗೆ ಹಿಡಿದಿಡುತ್ತವೆ. ಈ ವಿಧಾನದ ಜಾಣತನ ಇರುವುದು ಹೀಗೆ ಒಂದೇ ಭಾಗ ಎರಡೆರಡು ಕೆಲಸ ಮಾಡುವುದರಲ್ಲಿ ಅಂತ ನಮ್ಮ ಅಂದಾಜು.

ಏಳನೇ ಪಿಯರ್

ಹಾನ್ಯಾಂಗ್ ಕಡೆಯಿಂದ ಎಣಿಸಿದರೆ ಏಳನೆಯದು, ವುಚಾಂಗ್ ದಡಕ್ಕೆ ಹತ್ತಿರದ್ದು. ಅಲ್ಲಿನ ಬಂಡೆ ಇಂಗಾಲ ಬೆರೆತ ಶೇಲ್. ಹೆಸರಿಗೆ ಬಂಡೆ, ಗುಣದಲ್ಲಿ ಮೆದು. ಇಂಥದರಲ್ಲಿ ಕುಕ್ಕಿ ಕೊರೆದ ಗುಂಡಿಯ ಗೋಡೆ ನಿಲ್ಲುವುದಿಲ್ಲ. ನೀರು ತಾಗಿದ ಶೇಲ್ ಮೆತ್ತಗಾಗುತ್ತದೆ, ಕಂಬ ಕಚ್ಚಿಕೊಳ್ಳಬೇಕಾದ ಕಡೆ ಜಾರುಪುಡಿ ಸಿಗುತ್ತದೆ.

ಸಲಹೆಗಾರನ ಯೋಗ್ಯತೆ ಗೊತ್ತಾಗುವ ಜಾಗ ಇದು. ತನ್ನ ವಿಧಾನಕ್ಕಾಗಿ ಮಾಸ್ಕೋ ಜೊತೆ ವಾದ ಮಾಡಿದ ಮನುಷ್ಯ, ಎಂಟರಲ್ಲಿ ಒಂದು ಪಿಯರಿಗೆ ಅದು ಹೊಂದುವುದಿಲ್ಲ ಅಂತ ಒಪ್ಪಬೇಕು. ಒಪ್ಪಿದ್ದಾಯಿತು. ಏಳನೇ ಪಿಯರಿಗೆ ಕೊರೆತ ಬಿಟ್ಟು, 55 ಸೆಂಟಿಮೀಟರ್ ವ್ಯಾಸದ ಸಣ್ಣ ಕೊಳವೆಗಳನ್ನು 116ರ ಸಂಖ್ಯೆಯಲ್ಲಿ ನೇರವಾಗಿ ಇಳಿಸಿದರು. ಭಾರ ಹೊರುವ ಲೆಕ್ಕವೇ ಬೇರೆ: ಬೇರೆ ಪಿಯರುಗಳಲ್ಲಿ ಕೆಲವೇ ದಪ್ಪ ಕಂಬಗಳು ಗಟ್ಟಿ ಬಂಡೆಯ ತುದಿಯಲ್ಲಿ ಕೂತು ಹೊರುತ್ತವೆ, ಇಲ್ಲಿ ಮೆದು ಬಂಡೆಯ ಮೇಲೆ ಬೀಳುವ ಒತ್ತಡವನ್ನು ಬಹಳಷ್ಟು ಸಣ್ಣ ಕಂಬಗಳಿಗೆ ಹಂಚಲಾಗಿದೆ. 2011ರ ಜೂನ್ 6ರಂದು ಸಾವಿರಾರು ಟನ್‌ನ ತೈಲದ ಹಡಗೊಂದು ಬಂದು ಗುದ್ದಿದ್ದು ಇದೇ ಪಿಯರಿಗೆ. ರಚನೆಗೆ ಧಕ್ಕೆಯಾಗಲಿಲ್ಲ. ಈ ಸೇತುವೆ ಅಲ್ಲಿಯತನಕ 70ಕ್ಕೂ ಹೆಚ್ಚು ಗುದ್ದು ತಿಂದಿತ್ತು ಅನ್ನುವುದನ್ನೂ ಸೇರಿಸಬೇಕು. 128 ಮೀಟರಿನ ಗಾಲವನ್ನು (ಎರಡು ಪಿಯರ್ ನಡುವಿನ ಅಂತರ) ಇವತ್ತಿನ ಹಡಗುಗಳಿಗಾಗಿ ಇಟ್ಟಿರಲಿಲ್ಲ.

ಮೇಲಿನ ಉಕ್ಕು, ಮತ್ತು ರಿವೆಟ್

ಮುಖ್ಯ ಸೇತುವೆ 1,156 ಮೀಟರ್. 128 ಮೀಟರಿನ ಒಂಬತ್ತು ಗಾಲಗಳು, ಮೂರು ಮೂರಾಗಿ ಒಂದೇ ತೊಲೆ. ಕೆಳಗೆ ಜೋಡಿ ರೈಲುಹಳಿ, ಮೇಲೆ 18 ಮೀಟರ್ ಅಗಲದ ರಸ್ತೆ. ಉಕ್ಕಿನ ಭಾಗಗಳು ಶಾನ್‌ಹಾಯ್‌ಗ್ವಾನ್ ಮತ್ತು ಶೆನ್ಯಾಂಗ್‌ನ ಸೇತುವೆ ಕಾರ್ಖಾನೆಗಳಿಂದ ಬಂದವು. ನದಿಯಲ್ಲಿ ತಾತ್ಕಾಲಿಕ ಕಂಬ ನೆಟ್ಟು ಆಸರೆ ಕೊಡುವಂತಿರಲಿಲ್ಲ. ಹಾಗಾಗಿ ಎರಡೂ ದಡದಿಂದ ತೊಲೆಯನ್ನು ಗಾಳಿಯಲ್ಲೇ ಚಾಚುತ್ತಾ ಹೋಗಿ 1957ರ ಮೇ 4ರಂದು ಕೂಡಿಸಿದರು.

ತೊಂದರೆ ಬಂದದ್ದು 1956ರಲ್ಲಿ, ತಗಡುಗಳನ್ನು ಕೂಡಿಸಲು ಕಾಯಿಸಿ ಬಡಿಯುವ ಮೊಳೆಯಾದ ರಿವೆಟ್‌ನಲ್ಲಿ. ತೊಲೆಯ ದಪ್ಪ ಜೋಡಣೆಗಳಲ್ಲಿ ಹಲವು ತಗಡು ಒಂದರ ಮೇಲೊಂದು ಬಂದು, ರಿವೆಟ್ ಹಿಡಿಯಬೇಕಾದ ಉದ್ದ ಹೆಚ್ಚಾಗುತ್ತದೆ. ಹಿಡಿತ ವ್ಯಾಸದ ಐದು ಪಟ್ಟಿನ ಆಸುಪಾಸು ದಾಟಿತೆಂದರೆ ಕಾಟ ಶುರು. ಸುತ್ತಿಗೆಯ ಏಟಿಗೆ ತಲೆಯ ಕಡೆ ಉಕ್ಕು ಹಿಗ್ಗಿ ತೂತು ತುಂಬುತ್ತದೆ, ನಡುಭಾಗಕ್ಕೆ ಏಟಿನ ಬಲ ತಲುಪುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಹೊರಗೆ ತಲೆ ಅಂದವಾಗಿ ಕೂತಿರುತ್ತದೆ, ತಟ್ಟಿದರೆ ಸದ್ದೂ ಸರಿಯಾಗಿರುತ್ತದೆ, ಒಳಗೆ ಮಾತ್ರ ಸಂದು. ಒಂದಿಷ್ಟನ್ನು ಕತ್ತರಿಸಿ ನೋಡಿದಾಗಲೇ ಗೊತ್ತಾದದ್ದು. ಕೆಲಸ ನಿಲ್ಲಿಸಿ, ಕಾಯಿಸುವ ಬಗೆ, ರಿವೆಟ್ಟಿನ ಆಕಾರ, ಗಾಳಿಸುತ್ತಿಗೆಯ ಒತ್ತಡ ಎಲ್ಲವನ್ನೂ ಮತ್ತೆ ಪ್ರಯೋಗಕ್ಕೆ ಹಾಕಿದರು. ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳನ್ನು ಕಿತ್ತು ಹೊಸದಾಗಿ ಹೊಡೆದರು. ರಿವೆಟ್ ಒಂದು ನೂರು ವರ್ಷದ ಹಳೆಯ, ಎಲ್ಲರಿಗೂ ಗೊತ್ತಿದ್ದ ತಂತ್ರ. ಅನುಮಾನದ ಕಣ್ಣೆಲ್ಲ ತಳಪಾಯದ ಮೇಲೆ ನೆಟ್ಟಿದ್ದಾಗ ದೋಷ ನುಸುಳಿದ್ದು ಇಲ್ಲಿ.

1957ರ ಅಕ್ಟೋಬರ್ 15ರಂದು ಸೇತುವೆ ತೆರೆಯಿತು. ಒಟ್ಟು ಯೋಜನೆಗೆ ಮೀಸಲಿಟ್ಟದ್ದು 17.2 ಕೋಟಿ ಯುವಾನ್, ಖರ್ಚಾದದ್ದು 13.84 ಕೋಟಿ.

ಸಲಹೆಗಾರರು ಹೋದ ಮೇಲೆ

1960ರ ಜುಲೈ 16ರಂದು ಸೋವಿಯತ್ ಸರ್ಕಾರ ಚೀನಾದಲ್ಲಿದ್ದ ತನ್ನ ಎಲ್ಲ ತಜ್ಞರನ್ನೂ ಹಿಂದಕ್ಕೆ ಕರೆಸಿಕೊಳ್ಳುವುದಾಗಿ ತಿಳಿಸಿತು. ಒಂದೂವರೆ ತಿಂಗಳೊಳಗೆ ಸಾವಿರಕ್ಕೂ ಹೆಚ್ಚು ಜನ ಹೊರಟರು, ನೂರಾರು ಒಪ್ಪಂದಗಳು ಹರಿದುಬಿದ್ದವು. ಅದೇ ವರ್ಷ ನಾನ್‌ಜಿಂಗ್‌ನಲ್ಲಿ ಯಾಂಗ್ಟ್ಸೀಗೆ ಮತ್ತೊಂದು ರೈಲು-ರಸ್ತೆ ಸೇತುವೆಯ ಕೆಲಸ ಶುರುವಾಗಿತ್ತು. ಅಲ್ಲಿ ಏಟು ಬಿದ್ದದ್ದು ಉಕ್ಕಿಗೆ. ಸೋವಿಯತ್ ಉಕ್ಕು ಬರುವುದು ನಿಂತು, ಅನ್ಶಾನ್ ಕಾರ್ಖಾನೆ ಮ್ಯಾಂಗನೀಸ್ ಬೆರೆಸಿದ ಹೆಚ್ಚು ಬಲದ ಸೇತುವೆ ಉಕ್ಕನ್ನು ತಾನೇ ಮಾಡಿಕೊಳ್ಳಬೇಕಾಯಿತು. 160 ಮೀಟರಿನ ಗಾಲಗಳ ಆ ಸೇತುವೆಯ ಮೇಲೆ ರೈಲು ಓಡಿದ್ದು 1968ರಲ್ಲಿ.

ತಳಪಾಯದ ವಿಷಯದಲ್ಲಿ ಹಾಗಾಗಲಿಲ್ಲ. ವುಹಾನಿನಲ್ಲಿ 1.55 ಮೀಟರ್ ಇದ್ದ ಕೊಳವೆ ಝೆಂಗ್‌ಝೌ ಬಳಿಯ ಹಳದಿ ನದಿ ಸೇತುವೆಗೆ ಬರುವಷ್ಟರಲ್ಲಿ 3.6 ಮೀಟರ್ ಆಗಿತ್ತು, ನಾನ್‌ಚಾಂಗ್‌ನ ಗಾನ್ ನದಿಯಲ್ಲಿ 5.8 ಮೀಟರ್. ನಾನ್‌ಜಿಂಗ್‌ನಲ್ಲಿ ಒಂದೇ ವಿಧಾನಕ್ಕೆ ಜೋತುಬೀಳದೆ, ಕೆಲವು ಪಿಯರಿಗೆ ಕೊಳವೆಗಂಬ, ಕೆಲವಕ್ಕೆ ಮುಳುಗು ಬಾವಿ ಹೀಗೆ ಜಾಗ ನೋಡಿ ಹಾಕಿದರು. ಕೊಳವೆಗಳಿಗೆ ಪೂರ್ವಬಿಗಿತ (ಒಳಗಿನ ಉಕ್ಕನ್ನು ಮೊದಲೇ ಎಳೆದು ಕಾಂಕ್ರೀಟನ್ನು ಒತ್ತಿಡುವುದು) ಕೊಟ್ಟು, ಕಂಪನಕ್ಕೆ ಬೀಳುವ ಸೀಳನ್ನೂ ತಡೆದರು. ಇದನ್ನೆಲ್ಲ ಮಾಡಿದ ಸೇತುವೆ ಬ್ಯೂರೋದ ಜನ ವುಹಾನಿನಲ್ಲಿ ಉಳಿ ಎತ್ತಿ ಕುಕ್ಕಿದ್ದವರೇ.

ಇವತ್ತು ಯಾಂಗ್ಟ್ಸೀ ಮೇಲೆ ಹೊಸ ಸೇತುವೆ ಕಟ್ಟುವವರು ಕಾಂಕ್ರೀಟ್ ಕೊಳವೆ ಇಳಿಸುವುದಿಲ್ಲ. 1970ರ ದಶಕದಲ್ಲಿ ಜಿಯುಜಿಯಾಂಗ್ ಸೇತುವೆಯಿಂದ ಮುಂದೆ ಎರಡು ಪದರದ ಉಕ್ಕಿನ ಕಾಫರ್ ಡ್ಯಾಂ (ಸುತ್ತಲ ನೀರು ತಡೆಯುವ ಗೋಡೆ) ಇಳಿಸಿ, ಅದರೊಳಗಿಂದ ಬಂಡೆಗೆ ಕೊರೆದು ಕಾಂಕ್ರೀಟ್ ತುಂಬುವ ಪದ್ಧತಿ ಬಂತು. ಭಾರದ ಕಾಂಕ್ರೀಟ್ ಕೊಳವೆಯ ಜಾಗಕ್ಕೆ ಹಗುರವಾದ ಉಕ್ಕಿನ ಕವಚ ಬಂದಿದೆ, ಕುಕ್ಕುವ ಉಳಿಯ ಜಾಗಕ್ಕೆ ಹೆಚ್ಚಾಗಿ ತಿರುಗುವ ಯಂತ್ರ. ನೀರಿನ ಮೇಲೆ ನಿಂತೇ ಬಂಡೆ ಕೊರೆದು ಕಂಬ ಕೂರಿಸುವ ಕ್ರಮ ಮಾತ್ರ ಬದಲಾಗಿಲ್ಲ.